ಆ ತುಕ್ಕು ಉಜ್ಜಬೇಡಿ! ಹಳೆಯ ಜಪಾನಿ ಕತ್ತಿಯನ್ನು ಗುರುತಿಸುವುದು, ಕಾಪಾಡುವುದು

ಮೆಟೀರಿಯಲ್ ಸೈನ್ಸ್ ಪರೀಕ್ಷೆಗೆ ಮಾರ್ಟೆನ್ಸೈಟ್, ಪರ್ಲೈಟ್ ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಎರಡನ್ನೂ ಒಂದೇ ಲೋಹದಲ್ಲಿ ಬರಿಗಣ್ಣಿಗೆ ತೋರಿಸುವ ವಸ್ತುವೊಂದಿದೆ: ಜಪಾನಿನ ಹಳೆಯ ಕತ್ತಿ.

1945ರಲ್ಲಿ ಬರ್ಮಾದಲ್ಲಿ ಜಪಾನಿ ಸೈನ್ಯ ಶರಣಾದಾಗ, ಅಲ್ಲಿನ ಅಧಿಕಾರಿಗಳು ತಮ್ಮ ಕತ್ತಿಗಳನ್ನು ಒಪ್ಪಿಸಲೇಬೇಕೆಂದು ಜನರಲ್ ಸ್ಲಿಮ್ ಪಟ್ಟು ಹಿಡಿದರು. ಅವರ ಹದಿನಾಲ್ಕನೇ ಸೇನೆಯಲ್ಲಿ ಹೆಚ್ಚಿನವರು ಭಾರತೀಯ ಸೈನಿಕರೇ. ಹೀಗೆ ಯುದ್ಧದ ನಂತರ ಸಾವಿರಾರು ಕತ್ತಿಗಳು ಜಪಾನಿನ ಆಚೆ ಹಂಚಿಹೋದವು. ಅವುಗಳಲ್ಲಿ ಹಲವು ಕಾರ್ಖಾನೆಯ ಮಾಲು. ಕೆಲವು ಮಾತ್ರ ಮಿಲಿಟರಿ ಹಿಡಿ ತೊಡಿಸಿದ, ಶತಮಾನಗಳ ಹಿಂದಿನ ಮನೆತನದ ಕತ್ತಿಗಳು. ಯಾವುದು ಯಾವುದು ಅಂತ ಹೇಳೋದು ಹೇಗೆ?

ಅಂಚಿನ ಬಿಳಿ ಗೆರೆ

ಕಬ್ಬಿಣದ ಮರಳನ್ನು ಇದ್ದಿಲಿನೊಂದಿಗೆ ಕರಗಿಸಿ ತೆಗೆದ ಉಕ್ಕಿಗೆ 'ತಮಹಗಾನೆ' ಎಂದು ಹೆಸರು. ಅದನ್ನು ಬಡಿದು, ಮಡಚಿ, ಮತ್ತೆ ಬಡಿಯುತ್ತಾರೆ. ಹದಿನೈದು ಸಲ ಮಡಚಿದರೆ ಲೆಕ್ಕಕ್ಕೆ 32,768 ಪದರ! ಆಮೇಲೆ ಬೆನ್ನಿಗೆ ದಪ್ಪ, ಅಂಚಿಗೆ ತೆಳು ಜೇಡಿಮಣ್ಣು ಮೆತ್ತಿ, ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ಅಂಚು ಥಟ್ಟನೆ ತಣಿದು ಗಟ್ಟಿ ಮಾರ್ಟೆನ್ಸೈಟ್ ಆಗುತ್ತದೆ. ಬೆನ್ನು ನಿಧಾನ ತಣಿದು ಮೆತ್ತಗಿನ ಪರ್ಲೈಟ್ ಆಗುತ್ತದೆ. ಮಾರ್ಟೆನ್ಸೈಟ್ ಆಗುವಾಗ ಉಕ್ಕು ಹಿಗ್ಗುವುದರಿಂದ ಕತ್ತಿ ಬೆನ್ನಿನ ಕಡೆಗೆ ಬಾಗುತ್ತದೆ. ಆ ಬಾಗು ಬರೀ ಸುತ್ತಿಗೆಯ ಕೆಲಸವಲ್ಲ, ಫೇಸ್ ಟ್ರಾನ್ಸ್‌ಫರ್ಮೇಷನ್ನಿನದೂ ಹೌದು.

ಎರಡು ಭಾಗಗಳ ನಡುವಿನ ಗಡಿಯೇ 'ಹಮೊನ್'. ದೀಪದ ಬೆಳಕಿಗೆ ಅಲಗನ್ನು ಓರೆಯಾಗಿ ಹಿಡಿದರೆ ನಿಜವಾದ ಹಮೊನ್ ಮಂಜಿನಂತೆ, ಕೆಲವೊಮ್ಮೆ ಮಿನುಗುವ ಕಣಗಳಂತೆ ಕಾಣುತ್ತದೆ. ಆಸಿಡ್‌ನಿಂದ ಬರೆಸಿದ ನಕಲಿ ಗೆರೆ ಚಪ್ಪಟೆಯಾಗಿ, ಬಣ್ಣ ಬಳಿದಂತೆ ಇರುತ್ತದೆ. ಮಡಚಿದ ಉಕ್ಕಿನಲ್ಲಿ ಮರದ ನಾರಿನಂಥ ವಿನ್ಯಾಸವೂ ಕಾಣಬಹುದು. ಅಲಗಿನ ಮೇಲೆ ಸೀರಿಯಲ್ ನಂಬರ್, ಹುರಿ ಸುತ್ತಿದಂತೆ ಕಾಣುವ ಎರಕದ ಲೋಹದ ಹಿಡಿ ಇದ್ದರೆ? ಅದು ಬಹುತೇಕ ಯುದ್ಧಕಾಲದ ಯಂತ್ರನಿರ್ಮಿತ ಕತ್ತಿ.

ಗುಟ್ಟು ಇರೋದು ಹಿಡಿಯೊಳಗೆ

ಹಿಡಿಯನ್ನು ಹಿಡಿದಿಡುವುದು ಒಂದು ಪುಟ್ಟ ಬಿದಿರಿನ ಗೂಟ. ಅದನ್ನು ಮೆಲ್ಲಗೆ ತಳ್ಳಿ ತೆಗೆದರೆ ಅಲಗಿನ ಬುಡ, ಅಂದರೆ 'ನಕಾಗೊ', ಕಾಣುತ್ತದೆ. ಕತ್ತಿ ಮಾಡಿದವನ ಸಹಿ ಇದ್ದರೆ ಇಲ್ಲೇ ಇರುತ್ತದೆ. ಆದರೆ ಸಹಿಯನ್ನು ನೋಡಿ ಕುಣಿಯಬೇಡಿ. ಹೆಸರಾಂತ ಕಮ್ಮಾರರ ಸುಳ್ಳು ಸಹಿಗಳು ಬೇಕಾದಷ್ಟಿವೆ. ಸಹಿ ಇಲ್ಲದ ಒಳ್ಳೆಯ ಕತ್ತಿಗಳೂ ಇವೆ.

ಸಹಿಯಷ್ಟೇ ಮುಖ್ಯವಾದದ್ದು ಬುಡದ ತುಕ್ಕು. ನೂರಾರು ವರ್ಷಗಳಲ್ಲಿ ನಿಧಾನವಾಗಿ ಕೂತ ಕಪ್ಪು-ಕಂದು ತುಕ್ಕು ನಯವಾಗಿರುತ್ತದೆ. ಹೊಸ ತುಕ್ಕು ಕೆಂಪಗೆ, ಪುಡಿಪುಡಿ. ತಜ್ಞರು ವಯಸ್ಸು ಅಂದಾಜಿಸುವಾಗ ನೋಡುವ ಮುಖ್ಯ ಸಾಕ್ಷಿಗಳಲ್ಲಿ ಇದೊಂದು. 'ಕ್ಲೀನ್ ಮಾಡೋಣ' ಅಂತ ಯಾರೋ ಸ್ಯಾಂಡ್ ಪೇಪರ್ ಹಿಡಿದರೆ, ಹತ್ತು ನಿಮಿಷದಲ್ಲಿ ಆ ಸಾಕ್ಷಿ ಕಸದ ಬುಟ್ಟಿಗೆ. ಅದನ್ನು ವಾಪಸ್ ತರುವ ಯಾವ ಪ್ರೊಸೆಸ್ಸೂ ಇಲ್ಲ.

ಹಾಗಾದ್ರೆ ಏನು ಮಾಡ್ಬೇಕು?

• ಅಲಗನ್ನು ಬೆರಳಿನಿಂದ ಮುಟ್ಟಬೇಡಿ. ಬೆವರಿನ ಉಪ್ಪು ಸಾಕು, ತುಕ್ಕು ಶುರುವಾಗಲು.

• ಹಳೆಯ ಎಣ್ಣೆಯನ್ನು ಮೆತ್ತನೆ ಕಾಗದದಿಂದ ಬೆನ್ನಿನ ಕಡೆಯಿಂದ ಹಿಡಿದು, ಬುಡದಿಂದ ತುದಿಯತ್ತ ಒರೆಸಿ. ಆಮೇಲೆ ತೆಳ್ಳಗೆ ಹೊಸ ಎಣ್ಣೆ ಸವರಿ. ಸಾಂಪ್ರದಾಯಿಕ 'ಚೋಜಿ' ಎಣ್ಣೆಯಲ್ಲಿ ಲವಂಗದ ಪರಿಮಳ ಇರುತ್ತದೆ. ನಮ್ಮ ಅಡುಗೆ ಎಣ್ಣೆ ಬೇಡ, ಅಂಟಾಗುತ್ತದೆ.

• ಲೋಹದ ಪಾಲಿಶ್, ಗ್ರೈಂಡರ್, ಬಫಿಂಗ್ ವೀಲ್ ಹತ್ತಿರಕ್ಕೂ ತರಬೇಡಿ. ನುರಿತ 'ತೊಗಿಶಿ' ಕಲ್ಲಿನಲ್ಲಿ ಮಸೆದರೂ ಪ್ರತಿ ಸಲ ಒಂದಿಷ್ಟು ಉಕ್ಕು ಹೋಗುತ್ತದೆ. ಮೇಲಿನ ಗಟ್ಟಿ ಪದರ ಸವೆದರೆ ಒಳಗಿನ ಮೆತ್ತಗಿನ ಉಕ್ಕು ಹೊರಬೀಳುತ್ತದೆ.

• ತೇವವಿಲ್ಲದ ಜಾಗದಲ್ಲಿ, ಅಂಚು ಮೇಲೆ ಮಾಡಿ ಅಡ್ಡಲಾಗಿ ಇಡಿ. ದೀರ್ಘಕಾಲಕ್ಕೆ ಜಪಾನಿಯರು ಬಳಸುವುದು 'ಶಿರಸಾಯ' ಎಂಬ ಸಾದಾ ಮರದ ಒರೆ.

ಗುರುತಿಸಲು ಆಗದಿದ್ದರೆ ಬುಡದ ಎರಡೂ ಬದಿಯ ಸ್ಪಷ್ಟ ಫೋಟೊ ತೆಗೆದು ಬಲ್ಲವರಿಗೆ ತೋರಿಸಿ. ನಾವು ಎಂಜಿನಿಯರಿಂಗ್‌ನವರು, ಏನನ್ನು ಕಂಡರೂ ರಿಪೇರಿಗೆ ಕೈ ತುರಿಸುತ್ತದೆ. ಇಲ್ಲಿ ಮಾತ್ರ ಕೈ ಕಟ್ಟಿಕೊಂಡು ನೋಡುವುದೇ ಮೊದಲ ರಿಪೇರಿ.