ರೋಜಾ, ಶುಗರ್ ಮತ್ತು ಗ್ರಂಥಾಲಯ

ತುಮಕೂರಿನ ವೈದ್ಯಕೀಯ ಕಾಲೇಜು ಗ್ರಂಥಾಲಯದಲ್ಲಿ ಸಕ್ಕರೆ ಕಾಯಿಲೆಯ ಪುಸ್ತಕಗಳಿಗೆ ಬರವಿಲ್ಲ. ಆದರೆ ಅವು ಇಂಗ್ಲಿಷಿನಲ್ಲಿ, ವೈದ್ಯರಾಗುವವರಿಗಾಗಿ ಇವೆ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಇನ್ಸುಲಿನ್ ಚುಚ್ಚಿಕೊಂಡು ರೋಜಾ ಹಿಡಿಯುವ ನಮ್ಮ ಹಿರಿಯರನ್ನು ಅವು ತಲುಪುವುದಿಲ್ಲ.

ಮಧುಮೇಹಿಗಳ ರಮಝಾನ್ ಉಪವಾಸದ ಬಗ್ಗೆ ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟವು 2016ರಲ್ಲಿ, ಮತ್ತೆ 2021ರಲ್ಲಿ ಮಾರ್ಗಸೂಚಿ ಹೊರತಂದಿದೆ. ಶುಗರ್ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ರೋಜಾ ಬಿಡಬೇಕು. ಬೆರಳು ಚುಚ್ಚಿ ಪರೀಕ್ಷಿಸಿಕೊಂಡರೆ ರೋಜಾ ಮುರಿಯುವುದಿಲ್ಲ. ಆರರಿಂದ ಎಂಟು ವಾರ ಮೊದಲೇ ವೈದ್ಯರನ್ನು ಕಂಡು ಔಷಧದ ಪ್ರಮಾಣ, ಹೊತ್ತು ಸರಿಪಡಿಸಿಕೊಳ್ಳಬೇಕು. ಇಷ್ಟು ತಿಳಿಯದೆ, ಕೈ ನಡುಗಿ ಬೆವರಿಳಿದರೂ ಇಫ್ತಾರ್‌ವರೆಗೆ ಹಲ್ಲುಕಚ್ಚಿ ಕೂರುವವರನ್ನು ನಾವು ಕಂಡಿದ್ದೇವೆ. ಪ್ರಾಣಕ್ಕೇ ಅಪಾಯವಾಗುವ ಸ್ಥಿತಿ ಅದು.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಕಾಲೇಜಿನ ಗ್ರಂಥಪಾಲಕರು ನಂಬಬಹುದಾದ ಮಾಹಿತಿಯನ್ನು ಆರಿಸಿಕೊಟ್ಟು, ವೈದ್ಯರೊಬ್ಬರು ಪರಿಶೀಲಿಸಿದ ಒಂದೇ ಒಂದು ಕನ್ನಡ ಹಾಳೆ ಅಲ್ಲಿಗೂ ಮಸೀದಿಯ ಫಲಕಕ್ಕೂ ಬಂದರೆ ಸಾಕು. ಉರ್ದುವಿನಲ್ಲೇ ಏಕಿಲ್ಲ ಎಂದು ಕೆಲವರು ಕೇಳಬಹುದು. ನಾವು ಮನೆಯಲ್ಲಿ ಆಡುವುದು ದಖನಿಯಾದರೂ ನಮ್ಮ ಮಕ್ಕಳು ಸಲೀಸಾಗಿ ಓದುವುದು ಶಾಲೆಯ ಕನ್ನಡವನ್ನೇ. ಮೊಮ್ಮಗಳು ಓದಿ ದಾದಿಗೆ ದಖನಿಯಲ್ಲಿ ಹೇಳುತ್ತಾಳೆ.

ಹಾಳೆ ರಜಬ್ ತಿಂಗಳಲ್ಲೇ ಫಲಕ ಏರಬೇಕು. ಶಅಬಾನ್ ಕೊನೆಗೆ ಬಂದರೆ ವೈದ್ಯರನ್ನು ಕಾಣಲು ಹೊತ್ತಿರುವುದಿಲ್ಲ.