‘ಯಾವ ಲೈನಿನವರು?’

ಕಾಮಸಮುದ್ರದ ಒಂದು ಮನೆಯಲ್ಲಿ ಜಪಸರ ಪ್ರಾರ್ಥನೆ ಮುಗಿದು ನಾವೆಲ್ಲ ಕಾಫಿಗೆ ಕುಳಿತಿದ್ದೆವು. ಆ ಮನೆಯ ಮೊಮ್ಮಗ ಟಿ.ವಿ.ಯಲ್ಲಿ ‘ಕೆ.ಜಿ.ಎಫ್.’ ಚಲನಚಿತ್ರ ಹಾಕಿದ. ಮನೆಯ ಹಿರಿಯರು ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದು ನಿವೃತ್ತರಾದವರು. ಮಸಿ ಬಳಿದ ಮುಖದ ಗುಲಾಮರನ್ನೂ ಅವರನ್ನು ಬಿಡಿಸಲು ಬಂದ ನಾಯಕನನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ, “ಎಲ್ಲಾ ಇದೆ ಸ್ವಾಮಿ, ನಮ್ಮ ಲೈನು ಒಂದು ಮಾತ್ರ ಇಲ್ಲ” ಎಂದರು.

ಗಣಿ ಪ್ರದೇಶದ ಪರಿಚಯವಿಲ್ಲದ ವಾಚಕರಿಗೆ ಈ ‘ಲೈನು’ ಎಂಬ ಮಾತನ್ನು ವಿವರಿಸಬೇಕಾದೀತು. ಕಾರ್ಮಿಕರಿಗೆಂದು ಕಂಪನಿ ಸಾಲುಸಾಲಾಗಿ ಕಟ್ಟಿಸಿದ ಒಂದೇ ಅಳತೆಯ ಪುಟ್ಟ ಮನೆಗಳ ಕೇರಿಯೇ ಲೈನು. ಮೊದಮೊದಲು ಅವು ಬಿದಿರ ತಟ್ಟಿಯ ಗುಡಿಸಲುಗಳಾಗಿದ್ದವು. ಇಂದಿಗೂ ಅಲ್ಲಿಯವರು ತಮ್ಮ ವಿಳಾಸವನ್ನು ಬೀದಿಯ ಹೆಸರಿನಿಂದ ಹೇಳುವುದಕ್ಕಿಂತ ಲೈನಿನ ಹೆಸರಿನಿಂದ ಹೇಳುವುದೇ ಹೆಚ್ಚು.

ಆ ಹಿರಿಯರ ಮಾತು ನನ್ನನ್ನು ಬಹಳ ದಿನ ಕಾಡಿತು. 2018ರಲ್ಲಿಯೂ 2022ರಲ್ಲಿಯೂ ಎರಡು ಭಾಗಗಳಾಗಿ ಬಂದ ಆ ಚಿತ್ರ ದೇಶವನ್ನೇ ಗೆದ್ದಿತು. ನಮ್ಮ ಯುವಕರು ಅದರ ಸಂಭಾಷಣೆಗಳನ್ನು ವಿಶ್ವಾಸಸಂಗ್ರಹಕ್ಕಿಂತ ಚೆನ್ನಾಗಿ ಬಾಯಿಪಾಠ ಮಾಡಿದ್ದಾರೆ. ಅದು ಕಲ್ಪನೆಯ ಕಥೆ, ಆ ಬಗ್ಗೆ ತಕರಾರಿಲ್ಲ. ಆದರೆ ಅದರ ಪ್ರಕಾರ ಚಿನ್ನ ಸಿಕ್ಕಿದ್ದು 1951ರಲ್ಲಿ. ನಿಜವಾದ ಗಣಿಗಾರಿಕೆಯಾದರೋ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಸಂಸ್ಥೆಯ ಕೈಗೆ ಬಂದದ್ದು 1880ರ ಸುಮಾರಿಗೆ. ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸಿದ್ದು 1956ರಲ್ಲಿ. ಈ ಮುಕ್ಕಾಲು ಶತಮಾನದ ಬಿಳಿಯರ ಆಡಳಿತ ಚಿತ್ರದಲ್ಲಿ ಒಂದೇ ಏಟಿಗೆ ಮಾಯವಾಗಿದೆ. ಅದರೊಡನೆ ವರ್ಣಭೇದದ ಪ್ರಶ್ನೆಯೂ ಮಾಯವಾಗಿದೆ.

ಆ ವರ್ಣಭೇದವಾದರೂ ಎಂಥದು? ಗುಡ್ಡದ ಮೇಲೆ ಯೂರೋಪಿಯನ್ ಅಧಿಕಾರಿಗಳ ಬಂಗಲೆ, ಹೂದೋಟ, ಕ್ಲಬ್ಬು. ಅವರ ಕೆಳಗೆ ಆಂಗ್ಲೋ-ಇಂಡಿಯನ್ನರು. ಕಾವಲಿಗೆ ಪಂಜಾಬಿನವರು. ಎಲ್ಲಕ್ಕಿಂತ ಕೆಳಗೆ, ಭೂಮಿಯ ಒಡಲಿನಲ್ಲಿ, ಉತ್ತರ ಆರ್ಕಾಟ್, ಚಿತ್ತೂರು ಮೊದಲಾದ ಸೀಮೆಗಳಿಂದ ಬಂದ ಜನ. ಅವರಲ್ಲಿ ಬಹುಪಾಲು ಆದಿದ್ರಾವಿಡರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಹರಿದು ಬಂದದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದು ಬಂದದ್ದು ಯಂತ್ರಗಳಿಗಾಗಿ ಎಂಬುದನ್ನು ಮಾತ್ರ ಹೇಳುವುದಿಲ್ಲ.

1930ರಲ್ಲಿ ಕಾರ್ಮಿಕರೆಲ್ಲರ ಬೆರಳಚ್ಚು ಪಡೆದು ದಾಖಲಿಸುವ ವ್ಯವಸ್ಥೆಯನ್ನು ಜಾರಿಗೆ ತರಲು ಹೊರಟರು. ಬೆರಳಚ್ಚು ಒತ್ತಿಸಿಕೊಳ್ಳುವುದು ಕಳ್ಳಕಾಕರಿಂದ ಎಂಬುದು ಅಂದಿನ ತಿಳಿವಳಿಕೆ. ಹೇಳಿಕೊಳ್ಳಲು ಒಂದು ಸಂಘವೂ ಇಲ್ಲದ ಆ ಜನ ಸುಮಾರು ಮೂರು ವಾರ ಗಣಿಗೆ ಇಳಿಯಲಿಲ್ಲ. ಕೂಲಿ ಕಡಿಮೆಯೆಂದು ಮಾತ್ರವೇ ಬಡವನು ಸಿಡಿದೇಳುತ್ತಾನೆ ಎಂದು ತಿಳಿದವರು ಈ ಮುಷ್ಕರವನ್ನು ಗಮನಿಸಬೇಕು. ಅಲ್ಲಿ ಪ್ರಶ್ನೆ ಇದ್ದದ್ದು ಮಾನದ್ದು.

2024ರಲ್ಲಿ ತೆರೆಕಂಡ ಪಾ. ರಂಜಿತ್ ಅವರ ‘ತಂಗಲಾನ್’ ಎಂಬ ತಮಿಳು ಚಿತ್ರ ಈ ಜನರ ಪೂರ್ವಿಕರನ್ನು ತೆರೆಯ ನಡುವೆ ತಂದು ನಿಲ್ಲಿಸಿತು. ಅದರ ಮಾಟಮಂತ್ರದ ಭಾಗ ನನಗೆ ಅತಿಯೆನಿಸಿತು. ಆದರೂ ಒಂದು ಸತ್ಯವನ್ನು ಆ ಚಿತ್ರ ಹಿಡಿದಿದೆ: ಹಳ್ಳಿಯ ಜಮೀನುದಾರನ ಜೀತವನ್ನು ತಪ್ಪಿಸಿಕೊಳ್ಳಲೆಂದೇ ಆ ಮನುಷ್ಯ ಬಿಳಿಯನ ಹಿಂದೆ ಹೊರಡುತ್ತಾನೆ. ವರ್ಣದ ಅಹಂಕಾರ ಹಡಗಿನಲ್ಲಿ ಬಂದಿರಬಹುದು. ಕೂರಲು ಅದಕ್ಕೆ ಪೀಠವನ್ನು ಹಾಕಿ ಕೊಟ್ಟದ್ದು ನಮ್ಮ ಜಾತಿಪದ್ಧತಿ.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ಒಂದು ವಾದ ನಮ್ಮನ್ನು ಕಂಗೆಡಿಸುತ್ತಿತ್ತು. ಕೆಲವರು ಸ್ವಭಾವತಃ ದಾಸರು ಎನ್ನುತ್ತಾನೆ ಆ ಮಹಾಮೇಧಾವಿ. 1550ರಲ್ಲಿ ಸ್ಪೇನಿನ ವಯ್ಯಾದೊಲಿದ್ ನಗರದ ಸಭೆಯಲ್ಲಿ ಸೆಪುಲ್ವೇದ ಎಂಬ ವಿದ್ವಾಂಸ ಇದೇ ವಾದವನ್ನು ಹಿಡಿದು ಅಮೆರಿಕದ ಮೂಲನಿವಾಸಿಗಳ ಮೇಲಿನ ಯುದ್ಧವನ್ನು ಸಮರ್ಥಿಸಿದ. ಅವನನ್ನು ಎದುರಿಸಿದವರು ದೊಮಿನಿಕ್ ಸಭೆಯ ಬಿಷಪ್ ಬಾರ್ತೊಲೊಮೆ ದೆ ಲಾಸ್ ಕಾಸಾಸ್. ಇಷ್ಟನ್ನು ನಮ್ಮ ಪಾಠಗಳು ಅಭಿಮಾನದಿಂದ ಹೇಳುತ್ತಿದ್ದವು. ಇದೇ ಲಾಸ್ ಕಾಸಾಸರು ಅದಕ್ಕೆ ಎಷ್ಟೋ ವರ್ಷ ಮೊದಲು, ಮೂಲನಿವಾಸಿಗಳ ಕಷ್ಟವನ್ನು ನೋಡಲಾರದೆ, ಅವರ ಬದಲಿಗೆ ಆಫ್ರಿಕದಿಂದ ಗುಲಾಮರನ್ನು ತರಿಸಬಹುದೆಂದು ಸಲಹೆ ಮಾಡಿದ್ದರು. ಮುಂದೆ ಅದಕ್ಕಾಗಿ ಪಶ್ಚಾತ್ತಾಪಪಟ್ಟು ಬರೆದರು. ಒಬ್ಬನ ಕಣ್ಣೀರನ್ನು ಒರೆಸುತ್ತಿದ್ದ ಆ ಕರುಣಾಳುವಿಗೂ ಇನ್ನೊಬ್ಬನ ಮುಖ ಕಂಡಿರಲಿಲ್ಲ.

ಗಣಿಯ ಲೈನುಗಳಲ್ಲಿ ನಮಗೆ ಕಾಣದೆ ಹೋದ ಮುಖ ಯಾವುದು? ಬಿಳಿಯ ದೊರೆಯ ಕೆಳಗೆ ಗಣಿಕಾರ್ಮಿಕನಿದ್ದ, ಸರಿ. ಆ ಗಣಿಕಾರ್ಮಿಕನ ಮನೆಯವರು ಬಳಸುತ್ತಿದ್ದ ನೀರಿಲ್ಲದ ಕಕ್ಕಸುಗಳನ್ನು ಬೆಳಗಾಗುವುದರೊಳಗೆ ಕೈಯಿಂದ ಬಳಿದು, ಬಕೆಟ್ಟಿನಲ್ಲಿ ಹೊತ್ತೊಯ್ಯುತ್ತಿದ್ದ ಕುಟುಂಬಗಳಿದ್ದವು. ಅವರದು ಬೇರೆಯದೇ ಕೇರಿ. 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಚಿನ್ನದ ಊರಿನಲ್ಲಿ ಆ ಕೆಲಸ ನಿಲ್ಲಲಿಲ್ಲ. ಅಂಥದೇ ಒಂದು ಕುಟುಂಬದಲ್ಲಿ, ಕೆ.ಜಿ.ಎಫ್.ನಲ್ಲಿಯೇ, 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು 1980ರ ದಶಕದಲ್ಲಿ ಅಧಿಕಾರಿಗಳಿಗೆ ಪತ್ರ ಬರೆಯತೊಡಗಿದರು. ಆ ಹೋರಾಟ ಬೆಳೆದು ‘ಸಫಾಯಿ ಕರ್ಮಚಾರಿ ಆಂದೋಲನ’ವಾಯಿತು, ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಗಣಿಯ ಕಥೆ ಹೇಳುವ ಯಾವ ಚಿತ್ರದಲ್ಲಿಯೂ ಆ ಬಕೆಟ್ಟನ್ನು ನಾನು ಕಂಡಿಲ್ಲ. ಚಿತ್ರಗಳನ್ನು ದೂರುವುದೇಕೆ? ಪ್ರತಿ ವರ್ಷ ಮೇ 1ರಂದು, ಕಾರ್ಮಿಕ ಸಂತ ಜೋಸೆಫರ ಹಬ್ಬದ ದಿನ, ಗಣಿಕಾರ್ಮಿಕರ ಬೆವರನ್ನು ಕುರಿತು ಭಾವುಕನಾಗಿ ಪ್ರಬೋಧನೆ ಮಾಡಿದವನು ನಾನು. ಆ ಪ್ರಬೋಧನೆಗಳಲ್ಲಿಯೂ ಅದು ಇರಲಿಲ್ಲ.

ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಪ್ರಕಟವಾದ ಕಾದಂಬರಿ. 1975ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಚಲನಚಿತ್ರವಾಗಿ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲವನ್ನು ಪಡೆಯಿತು. ಚೋಮನ ಮಗ ನೀರಿನಲ್ಲಿ ಮುಳುಗುತ್ತಿರುವಾಗ ದಡದಲ್ಲಿ ಜನರಿದ್ದಾರೆ. ಮುಟ್ಟಬಾರದ ಮಗುವೆಂದು ಮಗು ಸಾಯುತ್ತದೆ. ಕ್ರೈಸ್ತ ವಾಚಕರಾದ ನಾವು ಈ ದೃಶ್ಯಕ್ಕೆ ಮರುಗಿ, ಅದು ಬೇರೆಯವರ ಪಾಪವೆಂದು ಪುಸ್ತಕ ಮುಚ್ಚುತ್ತೇವೆ. ಕ್ರೈಸ್ತನಾದರೆ ಉಳಲು ಭೂಮಿ ಸಿಗುತ್ತದೆಂಬ ಆಸೆಯಿಂದ ಹೊರಟ ಚೋಮ ಅರ್ಧದಾರಿಯಲ್ಲಿ ಹಿಂದಿರುಗಿದ. ಅವನು ಹಿಂದಿರುಗದೆ ನಮ್ಮ ದೇವಾಲಯಕ್ಕೆ ಬಂದಿದ್ದರೆ ಯಾವ ಬೆಂಚಿನಲ್ಲಿ ಕುಳಿತಿರುತ್ತಿದ್ದ? ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರಲ್ಲಿ ಹೊರಡಿಸಿದ ದಲಿತ ಸಬಲೀಕರಣ ನೀತಿಯು ಧರ್ಮಸಭೆಯೊಳಗೂ ಅಸ್ಪೃಶ್ಯತೆ ಉಳಿದಿದೆಯೆಂದು ಒಪ್ಪಿಕೊಂಡಿದೆ. 1950ರ ರಾಷ್ಟ್ರಪತಿ ಆದೇಶವು ದಲಿತ ಕ್ರೈಸ್ತರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟ ಅನ್ಯಾಯವನ್ನು ವಿರೋಧಿಸಿ ನಾವು ಮೆರವಣಿಗೆ ಹೋಗುತ್ತೇವೆ, ಹೋಗಲೇಬೇಕು. ಈ ನೀತಿಯ ಪ್ರತಿಯನ್ನು ಎಷ್ಟು ಧರ್ಮಕೇಂದ್ರಗಳಲ್ಲಿ ಓದಲಾಯಿತೋ!

ನನ್ನ ಸಂಗತಿಯನ್ನೇ ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ ಒಬ್ಬ ತಂದೆ ತಮ್ಮ ಮಗಳಿಗೆ ಬಂದ ಸಂಬಂಧದ ವಿಚಾರವಾಗಿ ನನ್ನಲ್ಲಿಗೆ ಬಂದರು. ಹುಡುಗ ಒಳ್ಳೆಯವನು, ಪ್ರತಿ ಭಾನುವಾರ ಪೂಜೆಗೆ ಬರುವವನು, ಬೆಂಗಳೂರಿನಲ್ಲಿ ನೌಕರಿ. ಎಲ್ಲವನ್ನೂ ಕೇಳಿಕೊಂಡು, “ಇವರ ತಾತನವರು ಯಾವ ಲೈನಿನವರು ಸ್ವಾಮಿ?” ಎಂದರು. ಆ ಪ್ರಶ್ನೆಯ ಅರ್ಥ ನನಗೆ ತಿಳಿಯದ್ದೇನಲ್ಲ. ಲೈನು ತಿಳಿದರೆ ಬಹುಮಟ್ಟಿಗೆ ಕಸುಬು ತಿಳಿಯಿತು, ಕಸುಬು ತಿಳಿದರೆ ಜಾತಿ. ನಾನು ಹಳೆಯ ಜ್ಞಾನಸ್ನಾನದ ಪುಸ್ತಕವನ್ನು ತೆರೆದು, ವಿಳಾಸವನ್ನು ನೋಡಿ, ಹೇಳಿದೆ. ಆ ಮದುವೆ ನಡೆಯಲಿಲ್ಲ. ಹುಡುಗ ಅನಂತರ ನಮ್ಮ ದೇವಾಲಯದಲ್ಲಿ ಕಾಣಿಸಿಕೊಳ್ಳಲಿಲ್ಲ.

ಕಾಮಸಮುದ್ರದ ಆ ಸಂಜೆಗೆ ಮರಳುತ್ತೇನೆ. ಚಿತ್ರ ಮುಗಿಯುವ ಮೊದಲೇ ನಾನು ಎದ್ದೆ. ಹಿರಿಯರು ಬಾಗಿಲವರೆಗೂ ಬಂದು ದನಿ ತಗ್ಗಿಸಿ, ಮೊಮ್ಮಗನಿಗೆ ಮಾರಿಕುಪ್ಪದ ಕಡೆಯ ಒಂದು ಹೆಣ್ಣು ನೋಡಿದ್ದೇವೆ ಎಂದರು. “ಹುಡುಗಿ ನರ್ಸು. ನಮಗೆ ಒಪ್ಪಿಗೆಯೇ. ಅವರು ಯಾವ ಲೈನಿನವರು ಅಂತ ತಾವು ಒಂದು ಮಾತು ವಿಚಾರಿಸಿ ಹೇಳಬೇಕು ಸ್ವಾಮಿ.”

“ವಿಚಾರಿಸುವುದಿಲ್ಲ ಅಯ್ಯಾ” ಎಂದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, ನಮಸ್ಕರಿಸಿ ಒಳಗೆ ಹೋದರು. ಕೇಳಬೇಕಾದವರನ್ನು ಅವರು ಬೇರೆಡೆ ಕೇಳುತ್ತಾರೆಂಬುದನ್ನು ಬಲ್ಲೆ. ಆದುದರಿಂದ ಬರುವ ಗುರುವಾರ ಮತ್ತೆ ಆ ಮನೆಗೆ ಹೋಗುವವನಿದ್ದೇನೆ. ಆ ಹಳೆಯ ಪುಸ್ತಕದ ಕಥೆಯನ್ನು ಅವರಿಗೂ ಅವರ ಮೊಮ್ಮಗನಿಗೂ ಹೇಳುವುದಿದೆ.