ಹೊಳೆಯ ದಡದಲ್ಲಿ ಅಡಗುಪೆಟ್ಟಿಗೆಯ ಶೋಧ

ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಮನೆಗೆ ಕೆಲವು ತಿಂಗಳ ಮಟ್ಟಿಗೆ ಹೋಗಿಬರುವ ಹಿರಿಯರು ನಮ್ಮ ಕುಟುಂಬಗಳಲ್ಲಿ ಈಗ ವಿರಳರಲ್ಲ. ಅಲ್ಲಿ ಮೊಮ್ಮಕ್ಕಳೊಡನೆ ಹೊತ್ತು ಕಳೆಯುವ ಬಗೆ ಹೇಗೆಂಬುದೇ ಹಲವರ ಚಿಂತೆ. ಮಕ್ಕಳ ದೃಷ್ಟಿ ಮೊಬೈಲಿನಲ್ಲಿ; ಅಜ್ಜಿಯ ಕನ್ನಡ ಅವಕ್ಕೆ ಅರ್ಧವಷ್ಟೇ ತಿಳಿಯುತ್ತದೆ. ಅಂಥ ಮನೆಗಳಿಗೆ ಒಪ್ಪುವ ಆಟವೊಂದು ಆ ದೇಶದ ಆರಿಗನ್ ರಾಜ್ಯದಲ್ಲಿಯೇ ಹುಟ್ಟಿದೆ. ಅದಕ್ಕೆ ಜಿಯೋಕ್ಯಾಶಿಂಗ್ ಎಂದು ಹೆಸರು.

ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳ ಸಂಕೇತವನ್ನು ಅಮೆರಿಕ ಸರಕಾರವು ಜನಸಾಮಾನ್ಯರಿಗೆ ಬೇಕೆಂದೇ ಕೆಡಿಸಿ ಕೊಡುತ್ತಿದ್ದ ಕಾಲವೊಂದಿತ್ತು. ತೋರಿಸಿದ ಜಾಗಕ್ಕೂ ನಿಜವಾದ ಜಾಗಕ್ಕೂ 100 ಮೀಟರಿನಷ್ಟು ಅಂತರವಾಗುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್‌ರ ಆದೇಶದಂತೆ ಆ ತೊಡಕು ನಿವಾರಣೆಯಾಯಿತು. ಮೇ 3ರಂದು ಡೇವ್ ಅಲ್ಮರ್ ಎಂಬವರು ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಬಕೆಟ್ಟೊಂದನ್ನು ಇರಿಸಿ, ಅದರ ಅಕ್ಷಾಂಶ ರೇಖಾಂಶಗಳನ್ನು ಅಂತರಜಾಲದಲ್ಲಿ ಪ್ರಕಟಿಸಿದರು. ಒಂದಿಷ್ಟು ತೆಗೆದುಕೊಳ್ಳಿ, ಒಂದಿಷ್ಟು ಇಡಿ ಎಂಬುದಷ್ಟೇ ಕಟ್ಟಳೆ. ಕೆಲವೇ ದಿನಗಳಲ್ಲಿ ಅದು ಸಿಕ್ಕಿತು. ಬಕೆಟ್ಟಿನಲ್ಲಿ ಪುಸ್ತಕ, ಕವಣೆಗಳ ಜೊತೆಗೆ ಬೀನ್ಸ್ ಕಾಳಿನ ಡಬ್ಬಿಯೂ ಇತ್ತು. ವಾಸನೆಗೆ ಪ್ರಾಣಿಗಳು ಬರುವುದರಿಂದ ಆಹಾರವಸ್ತು ಈಗ ನಿಷಿದ್ಧ. ಅಂದರೆ ಮೊದಲ ಪೆಟ್ಟಿಗೆಯೇ ಇಂದಿನ ನಿಯಮಕ್ಕೆ ಹೊರಗು!

ಬೀವರ್‌ಕ್ರೀಕ್ ಇರುವ ಕ್ಲ್ಯಾಕಮಸ್ ಜಿಲ್ಲೆಯಲ್ಲಿಯೇ, ಎಸ್ಟಕೇಡಾ ಊರಿನ ಸಮೀಪ, ಕ್ಲ್ಯಾಕಮಸ್ ನದಿಯ ದಡಕ್ಕೆ ಮೈಲೋ ಮೆಕೈವರ್ ಎಂಬ ರಾಜ್ಯ ಉದ್ಯಾನವಿದೆ. ಮುಗಿಲಿಗೇರಿದ ಡಗ್ಲಸ್ ಫರ್ ಮರಗಳು, ಕಾಲುದಾರಿಗಳು, ಸಾಲ್ಮನ್ ಮೀನುಗಳ ಮರಿಶಾಲೆ. ಆಕಾಶ ತಿಳಿಯಾಗಿದ್ದರೆ ಹಿಮ ಹೊದ್ದ ಹುಡ್ ಪರ್ವತದ ನೋಟ. ಇಂಥ ಉದ್ಯಾನಕ್ಕೆ ಹೊರಡುವ ಮುನ್ನ ಆಟದ ಜಾಲತಾಣದಲ್ಲಿ ಅಲ್ಲಿನ ಪೆಟ್ಟಿಗೆಗಳ ವಿವರವನ್ನು ನೋಡಿಕೊಳ್ಳಬೇಕು. ಹುಡುಕುವ ಕಷ್ಟಕ್ಕೂ ನಡೆಯುವ ದಾರಿಯ ಕಷ್ಟಕ್ಕೂ 1ರಿಂದ 5ರವರೆಗೆ ಅಂಕಗಳುಂಟು. ಮಂಡಿನೋವಿನವರು ಎರಡನೆಯ ಅಂಕವನ್ನು ಮರೆಯದೆ ಗಮನಿಸಲಿ.

ಉಪಗ್ರಹಗಳ ಸಹಾಯ ಕೆಲವು ಮೀಟರುಗಳ ಸುತ್ತಳತೆಯವರೆಗೆ ಮಾತ್ರ. ದಟ್ಟ ಮರಗಳ ಕೆಳಗೆ, ಕಡಿದಾದ ದಂಡೆಯ ಬಳಿ ಸಂಕೇತ ತಡೆದು ತಿರುಗುವುದರಿಂದ ಮೊಬೈಲಿನ ಬಾಣವೂ ಅಲೆದಾಡುತ್ತದೆ. ಅಲ್ಲಿಂದ ಮುಂದೆ ಕಣ್ಣೇ ಗತಿ. ತಾನಾಗಿ ಬಿದ್ದ ಕೊಂಬೆ ಯಾವುದು, ಯಾರೋ ಒರಗಿಸಿಟ್ಟದ್ದು ಯಾವುದು ಎಂಬುದನ್ನು ಹೊಲ ತೋಟಗಳಲ್ಲಿ ಬೆಳೆದ ಅಜ್ಜ ಬೇಗ ಗುರುತಿಸಿಯಾನು. ಪೆಟ್ಟಿಗೆಯನ್ನು ಹೂಳುವಂತಿಲ್ಲವಾದ್ದರಿಂದ ನೆಲ ಅಗೆಯುವ ಕಾರಣವೇ ಇಲ್ಲ. ಮಕ್ಕಳನ್ನು ನೀರಿನ ಅಂಚಿಗೆ ಮಾತ್ರ ಒಂಟಿಯಾಗಿ ಬಿಡಬಾರದು; ಪರ್ವತದಿಂದಿಳಿಯುವ ಆ ನದಿ ತಣ್ಣಗೂ ರಭಸವಾಗಿಯೂ ಹರಿಯುತ್ತದೆ. ಮೂರೆಲೆಯ ತುರಿಕೆಗಿಡವೂ ಆ ಸೀಮೆಯಲ್ಲಿದೆ.

ಈ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ಬೀಗವಿರುವುದಿಲ್ಲ, ಕಾವಲಂತೂ ಇಲ್ಲ. ಇಟ್ಟವರು ಯಾರೋ, ಹುಡುಕಿದವರು ಯಾರೋ. ಬಂದವರೆಲ್ಲ ಮುಚ್ಚಳ ಬಿಗಿದು ಇದ್ದಲ್ಲಿಯೇ ಇಟ್ಟರೆ ಮಾತ್ರ ಮುಂದಿನವರಿಗೆ ಆಟವುಂಟು. ಒಳಗಿನ ಗೊಂಬೆಯನ್ನು ಮಗು ತೆಗೆದುಕೊಳ್ಳಬಹುದು, ಆದರೆ ಅದಕ್ಕೆ ಸಮನಾದುದನ್ನೋ ಮಿಗಿಲಾದುದನ್ನೋ ಇಡಬೇಕು. ಇಟ್ಟಿತೋ ಇಲ್ಲವೋ ಎಂದು ಯಾರೂ ಪರೀಕ್ಷಿಸುವುದಿಲ್ಲ. ಏಳೆಂಟು ವರ್ಷದ ಮಗುವಿಗೆ ಇದು ಸಣ್ಣ ಸಂಗತಿಯಲ್ಲ. ಮನೆಯಿಂದ ಹೊರಡುವಾಗಲೇ ಏನನ್ನು ಕೊಡುವುದೆಂದು ಅದೇ ಆರಿಸಲಿ; ಹಿರಿಯರು ಕೈಹಾಕದಿರುವುದು ಲೇಸು.

ಜೊತೆಗೊಂದು ಪೆನ್ನು ಇರಲಿ. ಸಿಕ್ಕವರು ಹೆಸರು, ದಿನಾಂಕ ಬರೆಯಲು ಪೆಟ್ಟಿಗೆಯೊಳಗೆ ಪುಟ್ಟ ಪುಸ್ತಕವಿರುತ್ತದೆ. ಅದನ್ನು ಕನ್ನಡದಲ್ಲಿ ಬರೆದರೂ ಅಡ್ಡಿಯಿಲ್ಲ. ಅಜ್ಜಿ ಬರೆಯುತ್ತಿರುವಾಗ ಇದು ಯಾವ ಅಕ್ಷರ ಎಂದು ಮೊಮ್ಮಗಳು ಕೇಳಿಯಾಳು.